ಬಾಯಲ್ಲಿ ಬಾರದ ಹೆಸರು

ಸಾದಲಿ
೧೭ ನವೆಂಬರ್ ೨೦೨೪

ಚಿರಂಜೀವಿ ಧನುಶ್ರೀಗೆ,

ನಿನ್ನ ಹೆಸರಿನ ಮುಂದೆ ಈಗ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ. ನಾವು ಕ್ಷೇಮ. ನೀನೂ ಕ್ಷೇಮವಾಗಿಯೇ ಇರುತ್ತೀಯ, ಮದುವೆ ಗೊತ್ತಾದ ಹೆಣ್ಣಿಗೇನು ಕೊರತೆ.

ಉತ್ತರ ಬರೆಯುವುದು ತಡವಾಯಿತು. ರೇಷ್ಮೆ ಹುಳು ನಾಲ್ಕನೇ ಜ್ವರದ ಪೊರೆ ಬಿಟ್ಟು ಎದ್ದು ಮೇಯುತ್ತಿದ್ದವು, ಹಗಲೆಲ್ಲ ಸೊಪ್ಪು ಕೊಯ್ಯುವುದು, ಹಾಕುವುದು, ಅದೇ ಆಯಿತು. ಮೊನ್ನೆ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ ಕೈ ಬಿಡುವಾಯಿತು. ಇದೆಲ್ಲ ನೆಪ ಎಂದು ನೀನು ಅಂದುಕೊಂಡರೆ ಅದೂ ಸರಿಯೇ. ಬೇಕೆಂದೇ ತಡಮಾಡಿದೆ. ದಸರಾ ಆದಾಗಿನಿಂದ ನೀನು ದಿನಾ ಸಂಜೆ ಫೋನ್ ಮಾಡುತ್ತಿದ್ದದ್ದೂ ನನಗೆ ಗೊತ್ತು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಕರೆ ನಿಂತುಹೋಗುತ್ತದೆಂದು ನನ್ನ ಮಗ ಈ ಫೋನನ್ನು ಸರಿಮಾಡಿಕೊಟ್ಟಿದ್ದನಲ್ಲ, ಯಾರ ಕರೆ ಬಂದರೂ ಅವರ ಹೆಸರನ್ನು ಅದೇ ಗಟ್ಟಿಯಾಗಿ ಹೇಳುತ್ತದೆ. ಹಾಗಾಗಿ ನೀನೇ ಎಂದು ಗೊತ್ತಿದ್ದೂ ಎತ್ತಲಿಲ್ಲ. ಕೇಳಲಿಲ್ಲ, ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ದೀಪಾವಳಿ ಕಳೆದ ಮೇಲೆ ನಿಮ್ಮಪ್ಪ ಕೃಷ್ಣಮೂರ್ತಿ ಬಂದಿದ್ದರು. ಒಂದು ಬುಟ್ಟಿ ದ್ರಾಕ್ಷಿ ತಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು ಮಳೆ ಬೆಳೆ ಎಲ್ಲ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು. ಗೌರಿಬಿದನೂರಿನ ಆ ಮನೆಯವರು ಮದುವೆಯಾದ ಮೇಲೆ ಸುನೀಲ್‌ಕುಮಾರನ ಹೆಸರನ್ನೇ ನಿನ್ನ ಹೆಸರಿಗೆ ಸೇರಿಸಬೇಕು ಎನ್ನುತ್ತಾರಂತೆ. ನಿಮ್ಮಪ್ಪನಿಗೆ, ಯಾವುದೂ ಬೇಡ, ಮೊದಲಿನಂತೆ ತಮ್ಮ 'ಕೆ' ಅಕ್ಷರಕ್ಕೇ ಮಗಳು ಬಂದುಬಿಡಲಿ ಎಂದು ಆಸೆ. ನೀನು ಮಾತ್ರ ಎರಡೂ ಒಲ್ಲೆ, ಈಗಿರುವ ಹೆಸರೇ ಇರಲಿ ಎನ್ನುತ್ತೀಯಂತೆ.

"ಅತ್ತೆ ಹೂಂ ಅಂದ್ರೆ ಇಟ್ಕೊತೀನಿ, ಊಹೂಂ ಅಂದ್ರೆ ತೆಗೆಸ್ತೀನಿ ಅಂದವ್ಳೆ. ನಿಮ್ಮ ಬಾಯಿಂದಾನೇ ಬರ್ಬೇಕಂತೆ ನೋಡೀಮ್ಮ" ಎಂದರು.

ನಾನು ಕಾಫಿ ಕೊಟ್ಟು ಕಳಿಸಿದೆ. ಉತ್ತರ ಈಗ ಕೊಡುತ್ತಿದ್ದೇನೆ, ತೆಗೆದುಕೋ. ನನ್ನ ಮಗನ ಹೆಸರನ್ನು ನಿನ್ನ ಹೆಸರಿನಿಂದ ತೆಗೆಸಿಬಿಡು.

ನೀನು ಮದುವೆಯಾಗುವುದಕ್ಕೆ ನಾನು ಅಡ್ಡ ಬರುತ್ತಿಲ್ಲ. ಮೂವತ್ತೊಂದರ ಹೆಣ್ಣು, ಮಗುವೂ ಇಲ್ಲ, ಚಿಂತಾಮಣಿಯ ಆ ಬಾಡಿಗೆ ಕೋಣೆಯಲ್ಲಿ ಮಕ್ಕಳ ಲೆಕ್ಕದ ಪುಸ್ತಕ ತಿದ್ದುತ್ತ ಎಷ್ಟು ದಿನ ಕೂತಿರುತ್ತೀಯ. ಊರವರು ಕೇಳಿದಾಗ ಆಗಲಿ ಬಿಡಿ, ಒಳ್ಳೆಯದೇ ಎಂದು ನಾನೇ ಅವರ ಬಾಯಿ ಮುಚ್ಚಿಸಿದ್ದೇನೆ. ಒಳಗೆ ಬಂದ ಮೇಲೆ ಹೊಟ್ಟೆ ಉರಿಯುತ್ತದೆ, ಅದು ಬೇರೆ ಮಾತು. ಆ ಸುನೀಲ್‌ಕುಮಾರ್ ಬಹಳ ಒಳ್ಳೆಯವನಂತೆ, ನೀನು ಯಾವ ಹೆಸರಿಟ್ಟುಕೊಂಡರೂ ಅವನದೇನೂ ತಕರಾರಿಲ್ಲವಂತೆ. ಒಳ್ಳೆಯವನಾದರೆ ನನಗೇನು ಬಂತು. ಕೆಟ್ಟವನಾಗಿದ್ದರೆ ಬೈಯುವುದಕ್ಕಾದರೂ ಅನುಕೂಲವಾಗುತ್ತಿತ್ತು.

ಈ ಹೆಸರಿನ ಜಗಳ ನಮಗೆ ಹೊಸದಲ್ಲ. ನನ್ನ ಮಗನಿಗೆ ತಾತನ ಹೆಸರಿಟ್ಟರು, ನಮ್ಮಲ್ಲಿ ಅದು ವಾಡಿಕೆ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು, ಅದೂ ವಾಡಿಕೆ. ಎರಡೂ ಸೇರಿ ನಾನು ಹೆತ್ತ ಮಗನ ಹೆಸರು ನನ್ನ ಬಾಯಿಗೆ ನಿಷಿದ್ಧವಾಯಿತು. ತೊಟ್ಟಿಲಿನಿಂದಲೂ ಅವನನ್ನು ದೊರೆ ಎಂದೇ ಕರೆದೆ. ತಿರುಪತಿಯ ದೇವರನ್ನೂ ಏಳು ಬೆಟ್ಟದ ಸ್ವಾಮಿ ಎಂದೇ ಬೇಡಿಕೊಂಡವಳು ನಾನು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಹೆಸರು ಕೇಳಿದಾಗ ಮಗುವಿನ ಬೆನ್ನು ತಿವಿದೆ, ಅವನೇ ಹೇಳಿದ. ನೀನು ಬಂದ ಹೊಸದರಲ್ಲಿ ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನು ನಗಲಿಲ್ಲ.

ಆಗ ನೀನು ಧನುಶ್ರೀ ಕೆ. ಮದುವೆಯಾದ ಮೇಲೆ ಗಂಡನ ಅಕ್ಷರ ಬರಬೇಕು ಎಂದು ನಾನು. ಸರ್ಟಿಫಿಕೇಟೆಲ್ಲ ಹಳೆಯ ಹೆಸರಿನಲ್ಲಿದೆ, ಬದಲಾಯಿಸುವುದಿಲ್ಲ ಎಂದು ನೀನು. ಹತ್ತಿರ ಹತ್ತಿರ ಒಂದು ವರ್ಷ ಕಿತ್ತಾಡಿದೆವು. ನಮ್ಮ ಮನೆಯ ಅನ್ನ ತಿಂದು ಅಪ್ಪನ ಅಕ್ಷರ ಇಟ್ಟುಕೊಂಡಿದ್ದಾಳೆ ಎಂದು ನಾನು ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ ಹೇಳಿದೆ. ನೀನು ಅದನ್ನು ಕೇಳಿಸಿಕೊಂಡೂ ಕೊಡ ತುಂಬಿಸಿಕೊಂಡು ಹೋದೆ. ಸೋತಳು ಎಂದುಕೊಂಡೆ. ಎರಡು ತಿಂಗಳಿಗೆ ನೀನೇ ಹೆಸರು ಬದಲಾಯಿಸಿಕೊಂಡು ಬಂದೆ. ಒಂದು ಅಕ್ಷರ ಸಾಕು ಎಂದರೆ ನೀನು ಗಂಡನ ಹೆಸರನ್ನು ಪೂರ್ತಿಯಾಗಿ ಅಂಟಿಸಿಕೊಂಡಿದ್ದೆ. ನಡುಮನೆಯಲ್ಲಿ ನಿಂತು ಏನಂದೆ, ನೆನಪಿದೆಯೇ?

"ಇನ್ಮೇಲೆ ನನ್ ಹೆಸ್ರೂ ನಿಮ್ ಬಾಯಲ್ಲಿ ಪೂರ್ತಿ ಬರಲ್ಲ ಅತ್ತೆ."

ನನ್ನ ಮಗ ನಕ್ಕು ನಕ್ಕು ಊಟ ನೆತ್ತಿಗೇರಿಸಿಕೊಂಡ. ಒಮ್ಮೆ ನಾನು ಮಂಡಿ ನೋವೆಂದು ಆಸ್ಪತ್ರೆಗೆ ಹೋದಾಗ ಚೀಟಿ ಬರೆಯುವವನು ಜೊತೆಯಲ್ಲಿ ಯಾರು ಬಂದಿದ್ದಾರೆ ಎಂದ. ಸೊಸೆ ಎಂದೆ. ಹೆಸರು ಎಂದ. ಧನುಶ್ರೀ ಎಂದೆ. ಪೂರ್ತಿ ಹೇಳಮ್ಮ, ಹಿಂದೆ ಜನ ನಿಂತಿದ್ದಾರೆ ಎಂದ. ನಾನು ನಿನ್ನ ಮುಖ ನೋಡಿದೆ. ನೀನು ನನ್ನ ಪಕ್ಕದಲ್ಲೇ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಈಗ ನೋಡು. ಹಾಕಿಸಿಕೋ ಎಂದಾಗ ಹಾಕಿಸಿಕೊಳ್ಳಲಿಲ್ಲ, ತೆಗೆಯುವ ಕಾಲ ಬಂದಾಗ ತೆಗೆಯಲಾರೆ ಎನ್ನುತ್ತೀಯ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ನಿನಗೆ ಎರಡು ಕಾಲವೂ ನಿನ್ನದೇ ಆಗಬೇಕು.

ನೀನು ಹೊಸ ಮನೆಯಲ್ಲಿ ದೀಪ ಹಚ್ಚುವಾಗ ನನ್ನ ಮಗ ಅಲ್ಲಿಗೆ ಯಾಕೆ ಬರಬೇಕು? ಇನ್ನೊಬ್ಬರ ಹೊಸಿಲ ಹೊರಗೆ ಕಾದು ನಿಲ್ಲುವುದಕ್ಕೆ ಅವನಿಗೆ ಮನೆಯಿಲ್ಲವೇ? ಇವತ್ತು ಆ ಜನ ಆಗಲಿ ಎಂದಾರು. ನಾಳೆ ಮಗು ಹುಟ್ಟುತ್ತದೆ. ಮಗುವಿಗೆ ಒಬ್ಬನ ಹೆಸರು, ತಾಯಿಗೆ ಇನ್ನೊಬ್ಬನ ಹೆಸರು ಎಂದು ಯಾರೋ ಒಬ್ಬರು ಮುಖ ಸಿಂಡರಿಸುತ್ತಾರೆ. ಎರಡು ದಿನ ಅಳುತ್ತೀಯ, ಮೂರನೆಯ ದಿನ ಹೋಗಿ ತೆಗೆಸುತ್ತೀಯ. ನಿನ್ನನ್ನು ನಾನು ಬಲ್ಲೆ. ಅವರ ಮಾತಿಗೆ ಅವನ ಹೆಸರು ಹೋಗುವುದು ನನಗೆ ಬೇಡ. ಹೋಗುವುದಾದರೆ ನನ್ನ ಮಾತಿಗೇ ಹೋಗಲಿ. ಹೆತ್ತವಳು ನಾನು, ಎರಡು ವರ್ಷದ ಹಿಂದೆ ಜ್ವರವೆಂದು ಮಲಗಿದವನನ್ನು ಮಣ್ಣಿಗೆ ಕೊಟ್ಟವಳೂ ನಾನು. ಹೆಸರನ್ನೂ ನಾನೇ ಕಳಿಸುತ್ತೇನೆ.

ನಿನ್ನ ಮಾವನಿಗೆ ಈ ಕಾಗದ ಓದಿ ಹೇಳಿದೆ. "ಆ ಮಗೀನ್ ಮೇಲೆ ಯಾಕಿಂಗೆ ಹಾರಾಡ್ತೀಯೇ, ಅವ್ಳೇನ್ ಮಾಡವ್ಳೆ" ಎಂದು ಎದ್ದುಹೋದರು. ಅವರು ಯಾವಾಗಲೂ ನಿನ್ನ ಕಡೆಯೇ. ಮದುವೆಗೆ ಅವರು ಬರುತ್ತಾರಂತೆ, ನಾನು ತಡೆಯುವುದಿಲ್ಲ. ನಾನು ಬರುವುದಿಲ್ಲ. ನನ್ನನ್ನು ಕರೆಯಲು ಮತ್ತೆ ನಿಮ್ಮಪ್ಪನನ್ನು ಕಳಿಸಬೇಡ, ಪಾಪ ಆ ಮನುಷ್ಯನಿಗೆ ಯಾಕೆ ತೊಂದರೆ.

ನಿನ್ನ ಹಸಿರು ಸೀರೆ ಇಲ್ಲೇ ಪೆಟ್ಟಿಗೆಯಲ್ಲಿದೆ, ಮಾವನ ಕೈಲಿ ಕಳಿಸುತ್ತೇನೆ. ಉಟ್ಟುಕೋ, ಇಲ್ಲವೇ ಯಾರಿಗಾದರೂ ಕೊಡು. ಇನ್ನಾದರೂ ನಿನ್ನ ಅರಿಶಿನ ಕುಂಕುಮ ಗಟ್ಟಿಯಾಗಿರಲಿ. ಮನೆ ತುಂಬ ಮಕ್ಕಳಾಗಲಿ. ಇದನ್ನು ಸಿಟ್ಟಿನಲ್ಲಿ ಹೇಳುತ್ತಿಲ್ಲ, ಏಳು ಬೆಟ್ಟದ ಸ್ವಾಮಿಯ ಮುಂದೆ ನಿಂತು ಹೇಳುತ್ತಿದ್ದೇನೆ.

ಇಂತಿ,
ಆದಿಲಕ್ಷ್ಮಮ್ಮ
(ಅತ್ತೆ ಎಂದು ಬರೆಯಬಹುದೋ ಇಲ್ಲವೋ, ನೀನೇ ತೀರ್ಮಾನ ಮಾಡಿಕೋ)

ತಾ.ಕ. ಕಾಗದ ಅಂಟಿಸುವ ಮೊದಲು ಎದುರುಮನೆಯ ಅಮ್ಮಾಜಮ್ಮನ ಸೊಸೆಯನ್ನು ಕರೆದು ಒಂದು ಮಾತು ಕೇಳಿದೆ. ಅಲ್ಲಿ ನೀನು ಹೆಸರು ತೆಗೆಸಿದರೆ ನನ್ನ ಫೋನಿನಿಂದಲೂ ಹೋಗುತ್ತದೆಯೇ ಎಂದು. "ಇಲ್ಲ ದೊಡ್ಡಮ್ಮ, ಅಣ್ಣ ಬರ್ದಿಟ್ಟಿರೋದು ಹಂಗೇ ಇರ್ತದೆ. ಆದ್ರೆ ಫೋನ್ ಬಂದ್ರೆ ತಾನೆ ಅದು ಹೇಳೋದು" ಎಂದಳು.

ಈ ಮನೆಯಲ್ಲಿ ಅವನ ಹೆಸರು ಹೇಳುವ ಬಾಯಿ ಒಂದೂ ಇಲ್ಲ ಕಣಮ್ಮ. ನಾನು ಹೇಳುವ ಹಾಗಿಲ್ಲ. ಹೆತ್ತಪ್ಪನ ಹೆಸರೆಂದು ನಿನ್ನ ಮಾವನೂ ದೊರೆ ಎಂದೇ ಕರೆದರು. ಬಾಯಿ ತುಂಬ ಕರೆಯುತ್ತಿದ್ದವಳು ನೀನೊಬ್ಬಳು, ನೀನೂ ಹೊರಟುಹೋದೆ. ಆಮೇಲೆ ಉಳಿದದ್ದು ಈ ಫೋನು. ಸಂಜೆ ನೀನು ಕರೆ ಮಾಡಿದಾಗ ಅದು ನಡುಮನೆಯಲ್ಲಿ ಕೂತು ಧನುಶ್ರೀ ವೆಂಕಟರಾಮ್, ಧನುಶ್ರೀ ವೆಂಕಟರಾಮ್ ಎಂದು ಕೂಗುತ್ತಿತ್ತು. ನಾನು ಎತ್ತಿದರೆ ಅದು ಸುಮ್ಮನಾಗುತ್ತದೆ. ಅದಕ್ಕೇ ಎತ್ತುತ್ತಿರಲಿಲ್ಲ. ನಿಮ್ಮಪ್ಪ ಬಂದುಹೋದ ಮೇಲೆ ನೀನು ಫೋನ್ ಮಾಡುವುದನ್ನೇ ಬಿಟ್ಟೆ.

ಹೆಸರನ್ನು ಏನು ಬೇಕಾದರೂ ಮಾಡಿಕೋ. ಆಗಾಗ ಸಂಜೆ ಒಂದು ಸಲ ಫೋನ್ ಮಾಡು. ನಾನು ಎತ್ತುವುದಿಲ್ಲ. ಅದು ತಾನಾಗಿ ನಿಲ್ಲುವವರೆಗೂ ಬಿಡು.