ಎರಡೂ ಕಡೆ ಕಾಜಾ

ಹೊಲಿಗೆ ಅಂಗಡಿ, ಕಿಟಕಿ ಪಕ್ಕದ ಮಿಷನ್ನಿನ ಮುಂದಿನಿಂದ
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಇಳಿಯಿತಾ, ಇಲ್ಲ ಭಾವನ ತಲೆಗೆ ಏರಿತಾ? ಮೆಟ್ಟಿಲು ಹತ್ತಬೇಡ ಅಂದರೆ ಕೇಳುವವಳಲ್ಲ ನೀನು. ಭಾವ ಈಗಲೂ ಕನ್ನಡಕ ಹಣೆ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾರಾ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನಗೆ ಮಾತ್ರ ಹೊಟ್ಟೆ ಉರಿ. ಮಾತ್ರೆ ನುಂಗಿದರೆ ಹೋಗುವಂಥದ್ದಲ್ಲ, ಹೆಂಡತಿಯನ್ನು ನೋಡಿದರೆ ಬರುವಂಥದ್ದು.

ಹೋದ ವರ್ಷ ಇವಳ ಮಣಿಕಟ್ಟು ಊದಿಕೊಂಡು, ಡಾಕ್ಟರು ಹೊಲಿಗೆ ಕಡಿಮೆ ಮಾಡಿ ಅಂದದ್ದು ಬರೆದಿದ್ದೆನಲ್ಲ. "ಒಂದೇ ಒಂದು ಕೆಲಸ ಇಟ್ಕೋತೀನಿ ರೀ, ಕಾಜಾ ಹಾಕೋದು" ಅಂದಳು. ಗುಂಡಿ ತೂರುವ ತೂತಿನ ಸುತ್ತ ಕೈಯಲ್ಲಿ ದಾರ ಕಟ್ಟುವುದು, ಅಷ್ಟೇ. ನಾನು ನಕ್ಕುಬಿಟ್ಟೆ. ತೂತು ಮಾಡಿ ಬದುಕೋದು ಇಲಿ ಮಾತ್ರ ಕಣೇ ಅಂದೆ. ಈಗ ನೋಡು, ಮೂರು ಬೀದಿಯ ಟೈಲರುಗಳು ಕೋಟು ಹೆಗಲಿಗೇರಿಸಿಕೊಂಡು ನಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ. ಮಹಾರಾಣಿ ದಿನಕ್ಕೆ ಎರಡು ಕೋಟು ಮುಗಿಸಿ ಕಾಲು ಚಾಚಿ ರೇಡಿಯೋ ಕೇಳುತ್ತಾಳೆ. ನಾನು? ಷರಟು, ಪ್ಯಾಂಟು, ಪರದೆ, ದಿಂಬಿನ ಚೀಲ, ಜಿಪ್ಪು, ಕೊಡೆ ಬಟ್ಟೆ, ಒಂದು ದಿನ ಯಾರದೋ ನಾಯಿಗೊಂದು ಅಂಗಿ. ಬೋರ್ಡಿನ ಮೇಲೆ ನೀನು ಬರೆದುಕೊಟ್ಟ ಒಂಬತ್ತು ಸಾಲನ್ನೂ ಬಿಡದೆ ಮಾಡುತ್ತೇನೆ, ಬೆನ್ನು ಬಿಲ್ಲಾಗಿದೆ. ಆದರೂ ನನ್ನ ಗುರುತು ಏನು ಗೊತ್ತಾ? "ಕಾಜಾ ಅಮ್ಮನ ಯಜಮಾನ್ರು!" ಅಂಗಡಿ ಹಾಕಿದವನು ನಾನು ಅಕ್ಕಾ!

ಹೋದ ವಾರ ತಡೆಯಲಾಗಲಿಲ್ಲ. ಇವಳು ಊಟಕ್ಕೆ ಒಳಗೆ ಹೋದಾಗ ಅವಳ ಮೇಜಿನಿಂದ ಬ್ಯಾಂಡ್ ಮಾಸ್ಟರರ ಕೆಂಪು ಕೋಟು ಎತ್ತಿಕೊಂಡೆ. ಅವರಿಗೆ ಸಂಜೆಗೇ ಬೇಕಿತ್ತು. ನಾನೇನು ಕಡಿಮೆ ಅಂತ ಕೂತು ಎರಡು ಕಾಜಾ ಹಾಕಿದೆ. ಪರದೆಯವರು ಬಂದರು, ಎದ್ದೆ. ಮತ್ತೆ ಕೂತೆ, ಇನ್ನೊಂದು ಹಾಕಿದೆ. ಜಿಪ್ಪಿನವಳು ಬಂದಳು, ಎದ್ದೆ. ಮತ್ತೆ ಬಂದು ನಾಲ್ಕನೆಯದನ್ನೂ ಮುಗಿಸಿ, ಜಂಬದಿಂದ ಕೋಟು ಎತ್ತಿ ಹಿಡಿದರೆ, ಎಡಕ್ಕೆರಡು, ಬಲಕ್ಕೆರಡು! ಗುಂಡಿ ಕೂರಬೇಕಾದ ಕಡೆಯೂ ತೂತು.

ಇವಳು ಬಂದು ನೋಡಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕೋಟಿನ ಒಳಮಡಿಕೆಯಿಂದ ಅದೇ ಕೆಂಪು ಎಳೆ ಒಂದೊಂದೇ ಬಿಡಿಸಿ, ಆ ಎರಡು ತೂತನ್ನು ನೇಯ್ದು ಮುಚ್ಚಿದಳು. ಬೆರಳಾಡಿಸಿ ಹುಡುಕಿದೆ ಅಕ್ಕಾ, ಸಿಗಲೇ ಇಲ್ಲ. ಇನ್ನೂ ಉರಿಯಿತು. ಆಗ ಸೂಜಿ ಚುಚ್ಚಿಡುತ್ತಾ, ತಲೆ ಎತ್ತದೆ ಅಂದಳು: "ನಿಮ್ಮ ಕೈಯ ಕಾಲರ್ ಕೆಲಸ ನೋಡಿ ಇಪ್ಪತ್ತು ವರ್ಷ ನಾನು ಉರ್ಕೊಂಡಿದೀನಿ. ನೀವು ನೋಡಿದ್ರೆ ಅದನ್ನ ಬಿಟ್ಟು ನಾಯಿಗೆ ಅಂಗಿ ಹೊಲೀತೀರಿ."

ಇಪ್ಪತ್ತು ವರ್ಷ! ಒಂದು ದಿನವಾದರೂ ಹೇಳಬಾರದಿತ್ತಾ?

ಮರುದಿನವೇ ಏಣಿ ಹತ್ತಿ ಬೋರ್ಡಿನ ಎಂಟು ಸಾಲಿಗೆ ಬಣ್ಣ ಬಳಿದೆ. ನಿನ್ನ ಮುದ್ದಾದ ಅಕ್ಷರ, ಕ್ಷಮಿಸು. ಉಳಿದದ್ದು ಒಂದೇ: ಸವೆದ ಕಾಲರ್ ತಿರುಗಿಸಿ ಹೊಲಿಯಲಾಗುವುದು. ಬಿಚ್ಚಿ, ಒಳಗಿನ ಹೊಸ ಮೈ ಹೊರಗೆ ತಂದು, ತುದಿ ಚಾಕುವಿನ ಹಾಗೆ ನಿಲ್ಲಿಸುವುದು. ಅದನ್ನು ಮಾಡುವಾಗ ನಾನು ಗಡಿಯಾರ ನೋಡುವುದಿಲ್ಲ, ನಿನಗೇ ಗೊತ್ತಲ್ಲ.

ಭಾವನಿಗೆ ನಮಸ್ಕಾರ. ಮೊಮ್ಮಗಳ ಮೂಗನ್ನು ನನ್ನ ಪರವಾಗಿ ಒಮ್ಮೆ ಹಿಂಡು. ನಿನ್ನ ಕೈ ನನ್ನ ತಲೆ ಮೇಲಿರಲಿ.

ನಿನ್ನ ತಮ್ಮ,
ಕಾಜಾ ಅಮ್ಮನ ಯಜಮಾನ

ಮರೆತಿದ್ದೆ: ಬೋರ್ಡ್ ಬಳಿದು ಆರು ದಿನವಾಯಿತು, ಒಂದು ನರಪಿಳ್ಳೆ ಬಂದಿಲ್ಲ. ಗೋಡೆಯಲ್ಲಿ ಅವಳ ಮೊಳೆಗೆ ಏಳು ಕೋಟು ತೂಗುತ್ತಿವೆ, ನನ್ನ ಮೊಳೆಗೆ ನನ್ನದೇ ಕೊಡೆ. ಭಾವನ ಕಾಲರ್ ಸವೆದ ಷರಟು ನಾಲ್ಕಾದರೂ ಕೂಡಲೇ ಕಳಿಸು. ಪಾರ್ಸೆಲ್ ಮೇಲೆ ನೀನು ಮಾತ್ರ ಬರೆಯಬೇಡ, ನಿನ್ನ ಅಕ್ಷರ ಇವಳಿಗೆ ಗೊತ್ತು, ಬೇರೆ ಯಾರ ಕೈಲಾದರೂ ಬರೆಸು. ನಾನು ಕಾಲರ್ ತಿರುಗಿಸುವಾಗ ಅವಳು ರೇಡಿಯೋ ಸಣ್ಣ ಮಾಡಿ, ಓರೆಗಣ್ಣಲ್ಲಿ ನೋಡಿ, ಮೊದಲಿನ ಹಾಗೆ ಒಂಚೂರು ಉರಿದುಕೊಳ್ಳಬೇಕು.