ನಮ್ಮ ಅಟ್ಟದ ಮೇಲಿರುವ ತಮ್ಮ ಇಪ್ಪತ್ತೇಳು ಮೂಟೆ

ಭದ್ರಾವತಿ, 5 ಜುಲೈ 2004

ಮಾನ್ಯ ಕಟ್ಟಡ ದಾಖಲೆಗಳ ಅಧಿಕಾರಿಗಳೇ,

ಹಳೇನಗರದ ನಮ್ಮ ಷಡಕ್ಷರಪ್ಪ ಜನರಲ್ ಸ್ಟೋರ್ಸ್ ಕಟ್ಟಡಕ್ಕೆ ಯಾವ ದಾಖಲೆಯೂ ಇಲ್ಲ, ಆದ್ದರಿಂದ ಇದೇ ಹದಿನಾರನೇ ತಾರೀಖು ಅದನ್ನು ಕೆಡವಲಾಗುವುದು ಎಂಬ ತಮ್ಮ ನೋಟಿಸು ತಲುಪಿತು. ದಾಖಲೆಯಲ್ಲೇ ಇಲ್ಲದ ಕಟ್ಟಡದ ವಿಳಾಸವನ್ನು ಅಷ್ಟು ಸರಿಯಾಗಿ ಬರೆದ ತಮ್ಮ ಕಚೇರಿಯ ಜಾಣ್ಮೆಗೆ ಮೊದಲು ನನ್ನ ನಮಸ್ಕಾರ.

ಈ ಅಂಗಡಿಯನ್ನು ನನ್ನ ಮಾವ ಷಡಕ್ಷರಪ್ಪನವರು 1952ರಲ್ಲಿ ಕಟ್ಟಿಸಿದರು. ನಕ್ಷೆಗೆ ಒಪ್ಪಿಗೆ ಕೊಟ್ಟಿದ್ದು ತಮ್ಮದೇ ಕಚೇರಿ. ಕಾರ್ಖಾನೆಯ ಬೆಳಗಿನ ಸೈರನ್ ಕೂಗುವ ಹೊತ್ತಿಗೆ ಮಾವ ಹಲಗೆ ಬಾಗಿಲು ತೆಗೆಯುತ್ತಿದ್ದರು. ಸೂಜಿ ದಾರದಿಂದ ಲಾಟೀನಿನ ಬುರುಡೆಯವರೆಗೆ ಇಲ್ಲಿ ಸಿಗದ ಸಾಮಾನಿರಲಿಲ್ಲ. 1993ರಲ್ಲಿ ಪರವಾನಗಿ ನವೀಕರಿಸುತ್ತೇವೆಂದು ನಮ್ಮ ಬಳಿ ಇದ್ದ ಮೂಲ ಕಾಗದಗಳನ್ನೂ ತಾವೇ ತರಿಸಿಕೊಂಡಿರಿ.

ಅದಾದ ತಿಂಗಳೊಪ್ಪತ್ತಿಗೆ ತಮ್ಮ ಹೊಚ್ಚಹೊಸ ಕಾಂಕ್ರೀಟ್ ಕಚೇರಿ ಸೋರಿತು. ಆಗಿನ ಅಧಿಕಾರಿಗಳು ಓಡಿಬಂದಿದ್ದು ಎಲ್ಲಿಗೆ ಗೊತ್ತೇ? ನಮ್ಮ ಅಂಗಡಿಗೆ. ನಮ್ಮ ಅಟ್ಟದಲ್ಲಿ ಒಣಮೆಣಸಿನಕಾಯಿ, ಹೊಗೆಸೊಪ್ಪು ಇಡುತ್ತೇವೆ. ಆ ಘಾಟಿಗೆ ಇಲಿಯೂ ಹತ್ತಿರ ಸುಳಿಯುವುದಿಲ್ಲ. ತಮ್ಮ ಜವಾನ ಓಬಯ್ಯ ಮತ್ತು ಪಕ್ಕದಲ್ಲಿ ಛತ್ರಿ ರಿಪೇರಿ ಮಾಡುವ ದಸ್ತಗೀರ್ ಸಾಬರು ಸೀನುತ್ತಾ ಸೀನುತ್ತಾ ಇಪ್ಪತ್ತೇಳು ಮೂಟೆ ಕಡತಗಳನ್ನು ಮೇಲೇರಿಸಿದರು. ಪ್ರತಿ ಮೂಟೆಗೂ ಅರಗಿನ ಮುದ್ರೆ. "ಎರಡೇ ವಾರ, ಯಜಮಾನ್ರೇ," ಎಂದು ಅಧಿಕಾರಿಗಳು ಮಾವನಿಗೆ ಹೇಳಿದರು. ಹನ್ನೊಂದು ವರ್ಷವಾಯಿತು. ತಮ್ಮ ಕಚೇರಿಯಲ್ಲಿ ವಾರಕ್ಕೆ ಎಷ್ಟು ದಿನ, ಸ್ವಾಮಿ?

ನೋಟಿಸು ಹಿಡಿದು ಕಳೆದ ವಾರ ತಮ್ಮಲ್ಲಿಗೆ ಬಂದಿದ್ದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು, "ನಿಮ್ ಕಟ್ಟಡದ ಫೈಲೇ ಇಲ್ವಲ್ಲಮ್ಮ," ಅಂದರು.

"ಫೈಲು ನಮ್ಮ ಅಟ್ಟದ ಮೇಲಿದೆ. ನೀವೇ ತಂದಿಟ್ಟಿದ್ದು," ಅಂದೆ.

"ತಂದಿಟ್ಟಿದ್ದಕ್ಕೆ ದಾಖಲೆ ಇದ್ಯಾ?"

"ಇದೆ. ಅದೂ ಮೂಟೆಯೊಳಗೇ ಇದೆ."

ಅವರು ನಕ್ಕುಬಿಟ್ಟರು. ನನಗೆ ಸಿಟ್ಟು ಬಂತು, ಹೊರಗೆ ಬಂದ ಮೇಲೆ ಅಳುವೂ ಬಂತು. ಐವತ್ತೆರಡು ವರ್ಷ ಊರಿಗೆಲ್ಲ ಸಾಮಾನು ಕೊಟ್ಟ ಅಂಗಡಿ, ಈ ಊರಿನಲ್ಲಿ ತಾನಿದ್ದೇನೆಂದು ಸಾಬೀತು ಮಾಡಬೇಕಾಗಿದೆ.

ಮೂಟೆ ಬಿಚ್ಚಿ ಕಾಗದ ತೆಗೆದುಕೊಳ್ಳಬಾರದೇ ಎಂದು ತಾವು ಕೇಳಬಹುದು. ದಸ್ತಗೀರ್ ಸಾಬರೂ ಕೇಳಿದರು: "ನಿಮ್ ಕಾಗ್ದ ತಗೊಂಡು ಮತ್ತೆ ಕಟ್ಟಿಟ್ರಾಯ್ತಲ್ಲಮ್ಮ, ಯಾರು ನೋಡ್ತಾರೆ?" ಆದರೆ ಮಾವ ಹಾಸಿಗೆ ಹಿಡಿದಾಗಲೂ ಹೇಳಿದ್ದು ಒಂದೇ ಮಾತು: "ಸುಭದ್ರಾ, ಆ ಮೂಟೆಗೆ ಕೈ ಹಾಕ್ಬೇಡ ಕಣಮ್ಮ. ಊರೋರ ಮನೆಗಳೆಲ್ಲ ಅದ್ರೊಳಗಿದಾವೆ." ಸರ್ಕಾರದ ಮುದ್ರೆಗೆ ಇಷ್ಟು ಮರ್ಯಾದೆ ಕೊಟ್ಟ ಮನುಷ್ಯ ತಮ್ಮ ಕಚೇರಿಯಲ್ಲಿ ಒಬ್ಬರಾದರೂ ಇದ್ದಾರೆಯೇ? ಇಂದಿಗೂ ಒಂದು ಮುದ್ರೆಯೂ ಒಡೆದಿಲ್ಲ. ಹದಿನಾರಕ್ಕೆ ತಮ್ಮ ಯಂತ್ರ ಬಂದರೆ ಮೊದಲು ಮಣ್ಣುಪಾಲಾಗುವುದು ಊರಿನ ಹಕ್ಕುಪತ್ರಗಳು. ಆಮೇಲೆ ಇಡೀ ಹಳೇನಗರವನ್ನೇ ದಾಖಲೆಯಿಲ್ಲವೆಂದು ಕೆಡವಲು ತಮಗೆ ಬಹಳ ಸಲೀಸಾಗುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಹದಿನಾರರೊಳಗೆ ತಾವೇ ಖುದ್ದಾಗಿ ಬಂದು ಮೂಟೆಗಳನ್ನು ಇಳಿಸಿಕೊಳ್ಳಿ. ಏಣಿ ನಮ್ಮದೇ ಇದೆ, ಮೂಗಿಗೆ ಕರವಸ್ತ್ರ ತನ್ನಿ. ಆದರೆ ರಸೀದಿ ಬರೆದುಕೊಡದೆ ಒಂದು ಮೂಟೆಯೂ ಕೆಳಗಿಳಿಯುವುದಿಲ್ಲ. ರಸೀದಿಯಲ್ಲಿ ಮೂಟೆಗಳು ಎಲ್ಲಿದ್ದವು ಎಂದು ಬರೆಯಬೇಕಲ್ಲ? "ಷಡಕ್ಷರಪ್ಪ ಜನರಲ್ ಸ್ಟೋರ್ಸ್ ಕಟ್ಟಡದ ಅಟ್ಟ, ಹಳೇನಗರ" ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿ, ಮೊಹರು ಒತ್ತಿ. ನಮ್ಮ ಕಟ್ಟಡಕ್ಕೆ ಅಷ್ಟು ದಾಖಲೆ ಸಾಕು.

ಇಂತಿ,
ತಮ್ಮ ಕಚೇರಿಯನ್ನು ಹನ್ನೊಂದು ವರ್ಷದಿಂದ ತಲೆಯ ಮೇಲೆ ಹೊತ್ತಿರುವ,
ದಾಖಲೆಯಲ್ಲಿಲ್ಲದ ಅಂಗಡಿಯ
ಸುಭದ್ರಮ್ಮ