ನೋಡದ ಜ್ವರವನ್ನು ಬರೆಯಲೊಲ್ಲದ ಹುಡುಗಿ

ನರ್ಸಿಂಗ್ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ನನ್ನ ತಂಗಿಯ ಮಗಳು ನಿಮ್ಮಲ್ಲಿ ಮೂರನೆಯ ವರ್ಷ ಓದುತ್ತಿದ್ದಾಳೆ. ಬರುವ ಶನಿವಾರದೊಳಗೆ ಅವಳ ವಾರ್ಡ್ ತರಬೇತಿಯ ಪುಸ್ತಕಕ್ಕೆ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದೀರಿ. ಅವಳು ಮಾಡಿದ ಅಪರಾಧವೇನು? ನೋಡದ ಜ್ವರವನ್ನು ನೋಡಿದೆನೆಂದು ಬರೆಯಲಿಲ್ಲ. ಅಷ್ಟೇ.

ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ಕಾಲಿನ ಹುಣ್ಣಿಗೆಂದು ಒಂಬತ್ತು ದಿನ ಅದೇ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿದ್ದೆ. ಮಲಗಿದವರಿಗೆ ನೋಡುವುದೇ ಕೆಲಸ. ನಿಮ್ಮ ವಿದ್ಯಾರ್ಥಿನಿಯರು ಅಲ್ಲಿ ಕಲಿಯುತ್ತಿದ್ದದ್ದು ಗಾಲಿಕುರ್ಚಿ ತಳ್ಳುವುದು, ರಕ್ತದ ಶೀಷೆಗಳನ್ನು ಲ್ಯಾಬಿಗೆ ಮುಟ್ಟಿಸುವುದು, ಆಮೇಲೆ ಬೈಸಿಕೊಳ್ಳುವುದು. ಕೊನೆಯದರಲ್ಲಿ ಎಲ್ಲರೂ ಪ್ರಥಮ ದರ್ಜೆ. ಕಲಿಸಬೇಕಾದ ನಿಮ್ಮ ಉಪನ್ಯಾಸಕಿಯ ಮುಖವನ್ನು ನಾನು ನೋಡಲಿಲ್ಲ. ಬಹುಶಃ ಅವರೂ ವಾರ್ಡಿನ ಮುಖ ನೋಡಿಲ್ಲ.

ನಲವತ್ತು ಮಂಚಕ್ಕೆ ಥರ್ಮಾಮೀಟರ್ ಒಂದು. ಒಡೆದೀತೆಂದು ಅದು ವಾರ್ಡ್ ಸಿಸ್ಟರ್ ಮೇಜಿನ ಖಾನೆಯಲ್ಲಿ, ಬೀಗದೊಳಗೆ. ಐದನೆಯ ದಿನ ಮಧ್ಯಾಹ್ನ ನಮ್ಮ ಹುಡುಗಿ ಅದನ್ನು ಕೇಳಿದಳು. ಸಿಸ್ಟರ್ ತಲೆ ಎತ್ತದೆ, “ನಿನ್ನೆ ಬರೆದಿದ್ದನ್ನೇ ನೋಡಿ ಬರಿಯಮ್ಮ. ಒಬ್ಬೊಬ್ಬರಿಗೂ ಇಟ್ಟು ನೋಡ್ತಾ ಕೂತ್ರೆ ಸಂಜೆ ಆಗುತ್ತೆ” ಎಂದರು. ಅವರನ್ನೂ ಪೂರ್ತಿ ದೂರಲಾರೆ. ನಾಲ್ವರ ಕೆಲಸ ಅವರೊಬ್ಬರ ಹೆಗಲ ಮೇಲಿತ್ತು. ಉಳಿದ ಹುಡುಗಿಯರು ಎಂದಿನಂತೆ ತೊಂಬತ್ತೆಂಟೂವರೆ ಎಂದು ಬರೆದು ಮುಗಿಸಿದರು. ಎದುರು ಮಂಚದ ಅಜ್ಜಿ ಚಳಿಗೆ ಹಲ್ಲು ಕಟಕಟಿಸುತ್ತ ನಡುಗುತ್ತಿದ್ದರು. ಅವರ ಜ್ವರದ ಚೀಟಿಯಲ್ಲೂ ತೊಂಬತ್ತೆಂಟೂವರೆ. ನಮ್ಮವಳು ಮಾತ್ರ ತನ್ನ ಪಾಲಿನ ಹತ್ತು ಚೀಟಿಗಳಲ್ಲಿ ‘ನೋಡಿಲ್ಲ’ ಎಂದು ಬರೆದಳು. ಆ ದಿನ ಮಾತ್ರ ಅವಳ ಪಾಲಿಗೆ ಬಂದ ನನ್ನದೂ ಅದರಲ್ಲಿ ಒಂದು. ಅಂದಿನಿಂದ ಅವಳ ಪುಸ್ತಕಕ್ಕೆ ಸಹಿ ಇಲ್ಲ.

ವಾರ್ಡಿಗೆ ಹೋದರೆ ಕಾಲೇಜಿನಲ್ಲಿ ಕೇಳು ಅನ್ನುತ್ತಾರೆ, ಕಾಲೇಜಿಗೆ ಬಂದರೆ ವಾರ್ಡಿನಲ್ಲಿ ಕೇಳು ಅನ್ನುತ್ತೀರಿ. ಬಿಟ್ಟು ಬೇರೆಡೆ ಸೇರೋಣವೆಂದರೆ ಅವಳ ಮೂಲ ಅಂಕಪಟ್ಟಿಗಳು ನಿಮ್ಮ ಬೀರುವಿನಲ್ಲಿವೆ. ಕತ್ತರಿಯ ಎರಡು ಅಲಗಿನ ನಡುವೆ ಬಟ್ಟೆ ಇಡುವುದು ನನಗೆ ಗೊತ್ತು, ಹೊಲಿದೇ ಬದುಕಿದವಳು. ಮಕ್ಕಳನ್ನು ಇಡುವುದನ್ನು ನಿಮ್ಮಲ್ಲಿ ಕಂಡೆ.

ನನ್ನದೂ ಒಂದು ತಪ್ಪಿದೆ. ಮೊನ್ನೆ ಅವಳು ಊಟ ಬಿಟ್ಟು ಗೋಡೆ ನೋಡುತ್ತ ಕೂತಿದ್ದಾಗ, ಊರಿಗೊಂದು ದಾರಿಯಾದರೆ ನಿನಗೊಂದು ದಾರಿಯೇನೇ, ಆ ಹಾಳು ಸಂಖ್ಯೆ ಬರೆದು ಸಹಿ ಹಾಕಿಸಿಕೊ ಎಂದುಬಿಟ್ಟೆ. ಅವಳು ನನ್ನ ಕೊರಳಲ್ಲಿದ್ದ ಅಳತೆಪಟ್ಟಿ ಹಿಡಿದುಕೊಂಡು, “ದೊಡ್ಡಮ್ಮ, ಅಳತೆ ತಗೊಳ್ದೆ ನೀನು ಯಾರಿಗಾದ್ರೂ ಅಂಗಿ ಕತ್ತರಿಸಿದ್ದೀಯಾ?” ಎಂದಳು. ನಾನು ಪಟ್ಟಿ ಬಿಡಿಸಿಕೊಂಡೆ. “ಅಂಗಿಯಾದ್ರೆ ಬಿಚ್ಚಿ ಹೊಲೀಬಹುದು” ಎಂದಳು.

ಆದ್ದರಿಂದ ಕೇಳುತ್ತಿದ್ದೇನೆ: ಶನಿವಾರಕ್ಕೆ ಮೊದಲು ಒಂದು ದಿನ ನೀವೇ ವಾರ್ಡಿಗೆ ಬನ್ನಿ. ಖಾನೆಯ ಬೀಗ ತೆಗೆಸಿ, ಥರ್ಮಾಮೀಟರನ್ನು ಅವಳ ಕೈಗೆ ಕೊಡಿಸಿ, ನಾನಿದ್ದ ಮಂಚದ ಮೇಲೆ ಎರಡು ನಿಮಿಷ ಕೂತುಕೊಳ್ಳಿ. ಈ ಪತ್ರ ಓದಿ ನಿಮಗೆ ಮೈ ಬಿಸಿಯಾಗಿದ್ದರೆ, ಎಷ್ಟು ಬಿಸಿಯೆಂದು ಅವಳು ಸರಿಯಾಗಿ ಬರೆಯುತ್ತಾಳೆ. ಅದರ ಕೆಳಗೆ ಸಹಿ ಹಾಕಿ.

ಇಂತಿ,
ಒಂಬತ್ತರಲ್ಲಿ ಎಂಟು ದಿನ ಚೀಟಿಯಲ್ಲಿ ತೊಂಬತ್ತೆಂಟೂವರೆ ಇದ್ದ,
ಕಿಟಕಿ ಪಕ್ಕದ ಮಂಚದ ದರ್ಜಿ ದೊಡ್ಡಮ್ಮ